ಸದನದಲ್ಲಿ ಸತ್ತ ಪರಪ್ಪ

ಎಲ್ಲಕ್ಕೂ ಕಾರಣ ರೋಣದ ರಸ್ತೆಯಲ್ಲಿದ್ದ ಒಂದು ಗುಂಡಿ.

ಯಾವಗಲ್ ಊರಿನ ಹಿಟ್ಟಿನ ಗಿರಣಿಯ ಪರಪ್ಪ ಹಿಂದಿನ ವಾರ ಗಿರಣಿಗೆ ಹೊಸ ಬೆಲ್ಟು ತರಲು ರೋಣಕ್ಕೆ ಹೊರಟವನು ಬೈಕಿನ ಸಮೇತ ಅದರೊಳಗೆ ಇಳಿದುಬಿಟ್ಟ. ಮೊಣಕೈ ಉಳುಕಿತು. ಹಿಂದೆ ಬರುತ್ತಿದ್ದ ಅದೇ ಊರಿನ ಆಶಿಕ ಅವನನ್ನು ತನ್ನ ಟ್ರ್ಯಾಕ್ಟರಿನ ಕಡಲೆ ಚೀಲಗಳ ಮೇಲೆ ಅಂಗಾತ ಮಲಗಿಸಿ, ಮುಖಕ್ಕೆ ಬಿಸಿಲು ಬಡಿಯಬಾರದೆಂದು ಟವೆಲು ಹೊದಿಸಿ ದವಾಖಾನೆಗೆ ಒಯ್ದ. ದಾರಿಯಲ್ಲಿ ಕಂಡವರೆಲ್ಲ ಕೈಮುಗಿದರು. ಪರಪ್ಪ ಸಂಜೆಗೆ ಕೈಗೆ ಪಟ್ಟಿ ಸುತ್ತಿಸಿಕೊಂಡು ಮನೆಗೆ ಬಂದ. ಆದರೆ ಕೈಮುಗಿದವರು ಅಷ್ಟರಲ್ಲಿ ಸುದ್ದಿಯನ್ನು ಎಲ್ಲೆಲ್ಲಿಗೋ ಮುಟ್ಟಿಸಿದ್ದರು. ಎಲ್ಲಿಗೆ ಎಂಬುದು ಈ ಹೊತ್ತು ಬೆಳಗ್ಗೆ ತಿಳಿಯಿತು.

ಬೆಳಗಾವಿಯಲ್ಲಿ ಅಧಿವೇಶನ ನಡೆದಿತ್ತು. ಶಾಸಕ ಕೊಟ್ರಗೌಡರು ಇಂದು ಮಾತಾಡುತ್ತಾರೆಂದು ಸುದ್ದಿಯಾಗಿ, ಮಲಿಕಸಾಬನ ಚಹಾದಂಗಡಿಯ ಟಿವಿ ಮುಂದೆ ಊರೇ ಸೇರಿತ್ತು. ಸೇರದೆ ಏನು? ಗೌಡರು ಗೆದ್ದ ಮೇಲೆ ನಡೆದ ಅಧಿವೇಶನಗಳಿಗೆಲ್ಲ ತಪ್ಪದೆ ಹೋಗಿದ್ದರು. ಮದುವೆಗೆ ಬಂದ ಬೀಗರಂತೆ ಗಂಭೀರವಾಗಿ ಕೂತು ಎದ್ದು ಬಂದಿದ್ದರು. ಅವಧಿ ಮುಗಿಯುತ್ತ ಬಂದರೂ ಸದನದಲ್ಲಿ ಅವರ ಬಾಯಿಂದ ಬಂದದ್ದು ಆಕಳಿಕೆಯೊಂದೇ.

ಗೌಡರು ಎದ್ದರು. ಅಂಗಡಿಯಲ್ಲಿ ಸೀಟಿ ಬಿತ್ತು.

"ಸನ್ಮಾನ್ಯ ಸಭಾಧ್ಯಕ್ಷರೇ, ನಮ್ಮ ರಸ್ತೆ ರಸ್ತೆಯಲ್ಲ, ಯಮಲೋಕದ ಹೆದ್ದಾರಿ! ಯಾವಗಲ್ಲಿನ ಗಿರಣಿಯ ಪರಪ್ಪ, ಬಡವ, ಮುಗ್ಧ, ಆ ಗುಂಡಿಗೆ ಬಿದ್ದು ಸ್ಥಳದಲ್ಲೇ ಅಸುನೀಗಿದ. ಆತನ ಸಾವಿಗೆ ಯಾರು ಹೊಣೆ?"

ಪರಪ್ಪನ ಬಾಯಲ್ಲಿದ್ದ ಮಿರ್ಚಿ ಬಾಯಲ್ಲೇ ನಿಂತಿತು.

ಟಿವಿಯಲ್ಲಿ ವಿರೋಧ ಪಕ್ಷದವರು ಮೌನಾಚರಣೆಗೆ ಎದ್ದು ನಿಂತರು. ಕೂತರೆ ಕಲ್ಲೆದೆಯವರೆನ್ನುತ್ತಾರೆಂದು ಆಡಳಿತ ಪಕ್ಷದವರೂ ಎದ್ದರು. ಅದನ್ನು ಕಂಡು ಚಹಾದಂಗಡಿಯವರೂ ಎದ್ದರು. ಎಲ್ಲರೂ ನಿಂತಾಗ ತಾನೊಬ್ಬನೇ ಕೂತರೆ ಚೆನ್ನಾಗಿರದೆಂದು ಪರಪ್ಪನೂ ತಲೆ ತಗ್ಗಿಸಿ ನಿಂತ. ಮೌನ ಅರ್ಧ ಮುಗಿದ ಮೇಲೆ, ಅದು ತನ್ನ ಸಲುವಾಗಿಯೇ ಎಂಬುದು ಅವನ ತಲೆಗೆ ಹೊಳೆಯಿತು.

"ಲೇ! ನಾ ಇಲ್ಲೇ ಅದೀನಲ್ಲೋ!"

"ಶ್! ಮಂತ್ರಿಗಳು ಮಾತಾಡಾಕತ್ಯಾರ," ಎಂದ ಮಲಿಕಸಾಬ.

ಮಂತ್ರಿಗಳು ಕಣ್ಣೊರೆಸಿಕೊಂಡು ಹೇಳಿದರು: ಆ ರಸ್ತೆಯನ್ನು ಈ ಕ್ಷಣವೇ ಮಂಜೂರು ಮಾಡಲಾಗಿದೆ, ಅದಕ್ಕೆ 'ದಿವಂಗತ ಪರಪ್ಪ ರಸ್ತೆ' ಎಂದು ಹೆಸರಿಡಲಾಗುವುದು.

ಅಂಗಡಿ ಹಾರಿ ಬೀಳುವಂತೆ ಚಪ್ಪಾಳೆ ಬಿತ್ತು. ಅಷ್ಟು ವರ್ಷ ಅರ್ಜಿ ಕೊಟ್ಟು, ಧರಣಿ ಕೂತು ಆಗದ ರಸ್ತೆ! ಜನ ಪರಪ್ಪನ ಬೆನ್ನು ತಟ್ಟಿದರು. ಒಬ್ಬ ಅಜ್ಜ ಅವನ ಕೈ ಹಿಡಿದು, "ಚಲೋ ಕೆಲಸ ಮಾಡಿದಿ ತಮ್ಮಾ," ಎಂದು ಕಣ್ಣಿಗೊತ್ತಿಕೊಂಡ.

"ಯಜ್ಜಾ, ನಾ ಸತ್ತಿಲ್ಲ!"

"ಅದು ನಮಗ ಗೊತ್ತೈತಿ. ಬೆಳಗಾವಿಗೆ ಗೊತ್ತಾಗಬಾರದು, ಅಷ್ಟ."

ಜನರ ಕೈಯಿಂದ ಬಿಡಿಸಿಕೊಳ್ಳುವಷ್ಟರಲ್ಲಿ ಗಂಟೆಯಾಯಿತು; ಪರಪ್ಪ ದಿಕ್ಕೆಟ್ಟು ಮನೆಗೆ ಓಡಿದ. ಅವನಿಗಿಂತ ಮುಂಚೆ ಗೌಡರ ಆಪ್ತ ಸಹಾಯಕ ಶರಣು ರೋಣದಿಂದ ಕಾರಿನಲ್ಲಿ ಬಂದು, ಪರಪ್ಪನ ಹೆಂಡತಿ ತಿಪ್ಪವ್ವ ಕೊಟ್ಟ ಮಜ್ಜಿಗೆ ಕುಡಿಯುತ್ತಿದ್ದ. ಪರಪ್ಪನನ್ನು ಕಂಡವನೇ ಎದ್ದು ಬಾಗಿಲು ಹಾಕಿದ.

"ಪರಪ್ಪಣ್ಣಾ, ಸಾಹೇಬರಿಗೆ ಯಾರೋ ತಪ್ಪು ಸುದ್ದಿ ಕೊಟ್ಟಾರ್ರಿ. ಆದ್ರ ಸದನದಾಗ ಹೇಳಿದ ಮಾತದು, ಕಡತಕ್ಕ ಹೋಗೇತಿ. ನೀವು ಜೀವಂತ ಅದೀರಿ ಅಂತಾದ್ರ ಸದನಕ್ಕ ಸುಳ್ಳು ಹೇಳಿದಂಗ ಆಗತೈತಿ. ಹಕ್ಕುಚ್ಯುತಿ! ಸಾಹೇಬರ ಕತಿ ಮುಗೀತು, ರಸ್ತಾನೂ ಹೋತು. ನಾಳಿ ಸಂಜಿಗೆ ಅಧಿವೇಶನ ಮುಗೀತೈತಿ. ಅಲ್ಲೀತನಕ ಸುಮ್ಕ ಸತ್ತಿರ್ರಿ."

"ಯಾಂವ ನೀ? ಮನಿಗೆ ಬಂದು ಸಾಯಿ ಅಂತೀಯಲ್ಲ!"

ತಿಪ್ಪವ್ವ ಗಂಡನ ಕಡೆ ತಿರುಗಿದಳು. ತನ್ನ ಪರವಾಗಿ ನಾಲ್ಕು ಮಾತಾಡುತ್ತಾಳೆಂದು ಪರಪ್ಪ ಎದೆ ಸೆಟೆಸಿ ನಿಂತ.

"ಒಂದ ದಿನದ ಮಾತಲ್ರೀ," ಎಂದಳು ಆಕೆ. "ಮಳಿಗಾಲ ಬಂತಂದ್ರ ಬಸ್ಸು ಬರಂಗಿಲ್ಲ. ನಮ್ಮ ಓಣ್ಯಾಗಿನ ಸುಗರಾಗ ಹೆರಿಗಿ ಬ್ಯಾನಿ ಬಂದಾಗ ಟ್ರ್ಯಾಕ್ಟರಿನ್ಯಾಗ ಒಯ್ದ್ರು, ಆ ಗುಂಡಿ ದಾಟೂದ್ರಾಗ ಕೂಸು ಹುಟ್ಟಿತು. ನೀವು ಒಂದ ದಿನಾ ಸತ್ತಿದ್ರ ಅಂಥಾ ಎಷ್ಟೋ ಜೀವಕ್ಕ ಪುಣ್ಯ. ನಡೀರಿ, ಹೊಟ್ಟಿನ ಕ್ವಾಣ್ಯಾಗ ಕುಂದರ್ರಿ."

ಸುಗರಾಳ ಮಾತು ಬಂದ ಮೇಲೆ ಪರಪ್ಪ ತಲೆಗೆ ಟವೆಲು ಸುತ್ತಿಕೊಂಡು ನಡೆದ. ದನಗಳಿಗೆ ಕಡಲೆ ಹೊಟ್ಟು ತುಂಬಿಡುವ ಅಂಗಳದ ಮೂಲೆಯ ಕೋಣೆಯಲ್ಲಿ, ಕಿವಿಯವರೆಗೆ ಹೊಟ್ಟಿನಲ್ಲಿ ಹುಗಿದುಕೊಂಡು ಕೂತ. ಹೊರಗೆ ಏನಾಗುತ್ತಿದೆಯೆಂಬುದು ಗೋಡೆಯಾಚೆಯಿಂದ ಕೇಳುತ್ತಿತ್ತು. ಟಿವಿಯವರು ಬರುತ್ತಾರೆಂದು ಸುದ್ದಿಯಾಗಿ ಹೆಣ್ಣುಮಕ್ಕಳು ಹಾಡಿ ಅಳುತ್ತಿದ್ದರು. ಬದುಕಿದ್ದಾಗ ಅವನ ಗಿರಣಿಯ ಹಿಟ್ಟು ದಪ್ಪ ಎಂದು ಜಗಳಾಡಿದವರೇ ಈಗ "ಎಂಥಾ ಸಣ್ಣನ್ನ ಹಿಟ್ಟು ಬೀಸತಿದ್ದ್ಯೋ ನಮ್ಮಪ್ಪಾ" ಎಂದು ಎದೆ ಬಡಿದುಕೊಳ್ಳುತ್ತಿದ್ದರು. ಪರಪ್ಪನಿಗೂ ಕಣ್ಣು ತೇವವಾಯಿತು.

ಮಧ್ಯಾಹ್ನ ಟಿವಿಯವರು ಬಂದರು. ಮೈಕು ಹಿಡಿದ ವರದಿಗಾರ್ತಿ ಬನಶ್ರೀ ಅಂಗಳದಲ್ಲಿ ನಿಂತು, "ಇದೇ ಆ ನತದೃಷ್ಟನ ಮನೆ" ಎನ್ನುತ್ತಿದ್ದಂತೆ, ಹೊಟ್ಟಿನ ದೂಳು ಪರಪ್ಪನ ಮೂಗಿಗೇರಿತು. ತಡೆದ, ತಡೆದ, ಕೊನೆಗೆ ಸೀನಿದ. ತಗಡಿನ ಬಾಗಿಲು ಕಿತ್ತುಕೊಂಡು ಹೊರಬಿತ್ತು; ಹಿಂದೆಯೇ, ಮೈತುಂಬ ಹೊಟ್ಟು ಮೆತ್ತಿಕೊಂಡ ಪರಪ್ಪ ಬೆದರುಗೊಂಬೆಯಂತೆ ಹೊರಬಿದ್ದ. ಬನಶ್ರೀ ಕಿರುಚಿದಳು. ಅಳುತ್ತಿದ್ದವರು ಅಳು ನಿಲ್ಲಿಸಿದರು.

"ಯಾರಿದು?"

"ಪರಪ್ಪನ ತಮ್ಮರೀ," ಎಂದ ಮಲಿಕಸಾಬ ತಟ್ಟನೆ. "ಅವಳಿಜವಳಿ."

ಬೆಳಗಿನಿಂದ ನುಂಗಿಕೊಂಡಿದ್ದೆಲ್ಲ ಪರಪ್ಪನ ಗಂಟಲಿಗೆ ಬಂತು. ಮೈಕು ಕಸಿದುಕೊಂಡು ಕೂಗಿದ: "ಸುಳ್ಳರೀ! ನಾನಽ ಪರಪ್ಪ! ಸತ್ತಿಲ್ಲ! ಕೈ ಉಳುಕೇತಿ, ಅಷ್ಟ! ನನಗ ಹಸಿವಾಗೇತಿ!"

ಅದಷ್ಟೂ ನೇರ ಪ್ರಸಾರವಾಯಿತು.

ಆಮೇಲೆ ಊರಿನಲ್ಲಿ ಅವನನ್ನು ಯಾರೂ ಮಾತಾಡಿಸಲಿಲ್ಲ. ಎದುರು ಸಿಕ್ಕವರು ರಸ್ತೆಯನ್ನೇ ಅಗೆದು ತಿಂದವನನ್ನು ನೋಡುವಂತೆ ನೋಡಿದರು. ತಿಪ್ಪವ್ವ ಅನ್ನದ ತಾಟನ್ನು ಅವನ ಮುಂದೆ ಕುಕ್ಕಿ ಸುಗರಾಳ ಮನೆಗೆ ಹೋಗಿಬಿಟ್ಟಳು. ಪರಪ್ಪ ತಾಟನ್ನು ಸರಿಸಿ ಎದ್ದ. ಬದುಕಿದ್ದದ್ದೇ ತಪ್ಪಾಯಿತೇ ಎಂದು ಮನಸ್ಸು ಕುಟುಕಿತು. ಆದರೂ ಒಂದು ಸಮಾಧಾನವಿತ್ತು: ಸಂಜೆ ಗೌಡರು ಸದನದಲ್ಲಿ ಸ್ಪಷ್ಟನೆ ಕೊಡುತ್ತಾರೆಂದು ಟಿವಿಯಲ್ಲಿ ಬರುತ್ತಿತ್ತು. ಒಮ್ಮೆ ಅಲ್ಲಿ ಬದುಕಿದನೆಂದರೆ ಸಾಕು, ಊರು ಇಂದಲ್ಲ ನಾಳೆ ಸಮಾಧಾನವಾದೀತು.

ಸಂಜೆ ಚಹಾದಂಗಡಿಯ ಮೂಲೆಯಲ್ಲಿ ಹೋಗಿ ಕೂತ. ಗೌಡರು ಮತ್ತೆ ಎದ್ದರು. ಒಮ್ಮೆ ಮಾತು ಬಂದ ಬಾಯಿಗೆ ಈಗ ಯಾವ ಅಳುಕೂ ಇರಲಿಲ್ಲ.

"ಸನ್ಮಾನ್ಯ ಸಭಾಧ್ಯಕ್ಷರೇ, ಬೆಳಗಿನ ನನ್ನ ಮಾತಿನಲ್ಲಿ ಒಂದು ಶಬ್ದ ಬಿಟ್ಟುಹೋಗಿದೆ. ಅಸುನೀಗಿದ್ದು ಪರಪ್ಪನಲ್ಲ, ಪರಪ್ಪನ ಧರ್ಮಪತ್ನಿ, ತಾಯಿ ತಿಪ್ಪವ್ವ. ಆ ಆಘಾತದಿಂದ ಪರಪ್ಪನ ಬುದ್ಧಿ ಸ್ಥಿಮಿತದಲ್ಲಿಲ್ಲ. ಹೊಟ್ಟಿನಲ್ಲಿ ಹೊರಳಾಡುತ್ತಿರುವುದನ್ನು ನಾಡೇ ನೋಡಿದೆ. ಇನ್ನು ಮುಂದೆ ಆತ ಏನೇ ಹೇಳಿದರೂ ದಯವಿಟ್ಟು ಯಾರೂ ಮನಸ್ಸಿಗೆ ಹಚ್ಚಿಕೊಳ್ಳಬಾರದು."

ಮಂತ್ರಿಗಳು ರಸ್ತೆಯ ಹೆಸರು ಬದಲಿಸಿದರು. ಮಂಜೂರಾತಿ ಹಾಗೇ ಉಳಿಯಿತು.

ಪರಪ್ಪ ದಿಗ್ಗನೆ ಎದ್ದ. ಗೌಡರ ಸುಳ್ಳಿಗಲ್ಲ ಅವನು ಹೆದರಿದ್ದು. ಸುಗರಾಳ ಮನೆಯಲ್ಲೂ ಟಿವಿ ಇತ್ತು, ತಿಪ್ಪವ್ವ ತನ್ನ ಸಾವಿನ ಸುದ್ದಿಯನ್ನು ತಾನೇ ಕೇಳಿರುತ್ತಾಳೆ. ಮನೆಗೆ ಓಡಿದ.

ತಿಪ್ಪವ್ವ ಅಳುತ್ತಲೂ ಇರಲಿಲ್ಲ, ಬೈಯುತ್ತಲೂ ಇರಲಿಲ್ಲ. ಸೀರೆಗಳನ್ನು ಮಡಚಿ ಚೀಲಕ್ಕೆ ತುಂಬುತ್ತಿದ್ದಳು. ಬಾಗಿಲಲ್ಲಿ ಶರಣುವಿನ ಕಾರು ಕಾಯುತ್ತಿತ್ತು.

"ಏನಿದು ತಿಪ್ಪವ್ವಾ? ನಡಿ, ಟಿವಿಯವರಿಗೆ ಹೇಳೂಣು, ನೀ ಜೀವಂತ ಅದೀ ಅಂತ!"

"ಯಾಕ ಹೇಳಲಿ? ನಿಮ್ಮ ಕೈಲೆ ಒಂದ ದಿನಾ ಸಾಯಾಕ ಆಗಲಿಲ್ಲ. ಹ್ಯಾಂಗ ಸಾಯಬೇಕು ಅಂತ ನಾ ತೋರಸ್ತೀನಿ ನೋಡ್ರಿ," ಎಂದು ಚೀಲದ ಬಾಯಿ ಬಿಗಿದಳು. "ಗಜೇಂದ್ರಗಡಕ್ಕ ಹೊಂಟೇನಿ, ತಂಗಿ ಅನ್ನಪೂರ್ಣನ ಮನಿಗೆ. ಆಕೀ ಮಗ್ಗದ ಮನ್ಯಾಗ ಕುಂತ್ರ ಯಾರ ಕಣ್ಣಿಗೂ ಬೀಳಂಗಿಲ್ಲ. ಲಗ್ನ ಆದಾಗಿಂದ ನಾಕ ದಿನಾ ತವರಿನವರ ಕೂಡ ಇದ್ದಿಲ್ಲ. ಅಧಿವೇಶನ ಮುಗದ ಮ್ಯಾಲ ಬರತೀನಿ. ರೊಟ್ಟಿ ನೀವಽ ಬಡಕೋರಿ, ದನಾ ಮರೀಬ್ಯಾಡ್ರಿ."

ಕಾರು ಓಣಿ ದಾಟಿತು. ನಾಳೆ ಸಂಜೆಯವರೆಗೆ ತಾನೇ, ಉಪವಾಸವಿದ್ದರಾಯಿತು ಎಂದುಕೊಂಡು ಪರಪ್ಪ ಕಟ್ಟೆಯ ಮೇಲೆ ಕುಸಿದು ಕೂತ. ಅಷ್ಟರಲ್ಲಿ ಮಲಿಕಸಾಬ ಏದುಸಿರು ಬಿಡುತ್ತ ಬಂದ.

"ಪರಪ್ಪಾ, ಸುದ್ದಿ ಕೇಳಿದೇನು? ನಮ್ಮ ರಸ್ತಾ ಆದ ಮ್ಯಾಲ ಎಲ್ಲಾ ಶಾಸಕರೂ ತಮ್ತಮ್ಮ ಊರಾಗ ಸತ್ತವರ ಹೆಸರು ಹಿಡಕೊಂಡು ಎದ್ದು ನಿಂತಾರಂತ. ಅಧಿವೇಶನಾನ ಇನ್ನೂ ಎರಡ ವಾರ ಮುಂದುವರಿಸ್ಯಾರ!"

ಪರಪ್ಪ ಜಿಗಿದೆದ್ದು, ಓಣಿಯ ತುದಿಯವರೆಗೆ ಕಾರಿನ ದೂಳಿನ ಹಿಂದೆ ಓಡಿದ. "ತಿಪ್ಪವ್ವಾ! ಏ ತಿಪ್ಪವ್ವಾ! ತಿರುಗಿ ಬಾರೇ!"

ಚಿಕ್ಕನರಗುಂದದಿಂದ ಸಾವಿನ ಮನೆಯವರನ್ನು ಮಾತಾಡಿಸಿಹೋಗಲು ಬಂದು ಆಗಷ್ಟೇ ಟಂಟಂ ಗಾಡಿ ಇಳಿಯುತ್ತಿದ್ದ ಹೆಂಗಸರು ಅವನನ್ನು ನೋಡಿ ಅಲ್ಲೇ ನಿಂತರು.

"ಟಿವ್ಯಾಗ ಹೇಳಿದ್ದು ಖರೇನಽ ನೋಡವಾ," ಎಂದು ಒಬ್ಬಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಪಾಪ, ಹೋದಾಕೀನ್ನ ಹ್ಯಾಂಗ ಕರ್ಯಾಕತ್ಯಾನ!"