ಮುಕ್ಕಾಲು ಭಾವನ ಸೈಕಲ್ಲು

ಭಾನುವಾರ ಬೆಳಿಗ್ಗೆ ಹೆಂಡತಿ ನಡುಮನೆ ಗುಡಿಸುತ್ತಿದ್ದಳು. ಸೋಫಾದ ಕೆಳಗೆ ಪೊರಕೆ ಚಾಚಿದಳು. ಹಲ್ಲು ಮುರಿದ ಬಾಚಣಿಗೆ ಬಂತು, ಜೊತೆ ತಪ್ಪಿದ ಒಂದು ಕಾಲುಚೀಲ ಬಂತು, ಕೊನೆಗೆ ಟಿಣ್ ಎಂದು ಒಂದು ಬೋಲ್ಟು ಬಂತು. ಅವಳು ಅದನ್ನು ಎತ್ತಿ ಧೂಳು ಒರೆಸಿದಳು. ಗಂಡ ಕಾಫಿ ಕುಡಿಯುತ್ತಿದ್ದ ಮೇಜಿನ ಮೇಲೆ, ಲೋಟದ ಪಕ್ಕದಲ್ಲೇ, ನೆಟ್ಟಗೆ ನಿಲ್ಲಿಸಿದಳು. ಮತ್ತೆ ಗುಡಿಸತೊಡಗಿದಳು.

ಗಂಡ ಬೋಲ್ಟನ್ನು ನೋಡಿದ. ಆಮೇಲೆ ಗೋಡೆಗೊರಗಿ ನಿಂತಿದ್ದ ಸೈಕಲ್ಲನ್ನು ನೋಡಿದ. ಬಾಯಲ್ಲಿದ್ದ ಕಾಫಿ ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ.

ಅದು ಗುಡ್ಡ ಹತ್ತುವ ಗೇರ್ ಸೈಕಲ್ಲು. ಅಂಗಡಿಯಿಂದ ಸಿದ್ಧವಾಗಿ ತಂದದ್ದಲ್ಲ, ಒಂದೊಂದೇ ಭಾಗ ತರಿಸಿ ಅವನೇ ಕೂಡಿಸಿದ್ದು. ಫ್ರೇಮು ಒಂದು ಕಡೆಯಿಂದ, ಚಕ್ರ ಇನ್ನೊಂದು ಕಡೆಯಿಂದ, ಹ್ಯಾಂಡಲ್ಲು ಮತ್ತೊಂದು ಕಡೆಯಿಂದ ಬಂದು, ಮಾತು ಬಿಟ್ಟ ದಾಯಾದಿಗಳ ಹಾಗೆ ಒಂದರ ಮುಖ ಒಂದು ನೋಡದೆ ನಡುಮನೆಯಲ್ಲಿ ಬಿದ್ದುಕೊಂಡಿದ್ದವು. ಮೊದಲ ಭಾನುವಾರ ಚೈನು ಹಾಕಿದ. ಅದು ಚಕ್ರ ತಿರುಗಿಸುವ ಬದಲು ಅವನ ಪೈಜಾಮವನ್ನು ಜೇಬಿನವರೆಗೂ ತಿಂದಿತು. ಎರಡನೆಯ ಭಾನುವಾರವೆಲ್ಲ ಎಡಗಡೆಯ ಪೆಡಲ್ಲಿಗೇ ಹೋಯಿತು. ಲೋಕದಲ್ಲಿ ಎಲ್ಲವೂ ಬಲಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ, ಎಡ ಪೆಡಲ್ಲು ಮಾತ್ರ ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ ಎಂಬ ಗುಟ್ಟು ಅವನಿಗೆ ತಿಳಿದದ್ದು ಸಂಜೆ, ಅಂಗೈಯಲ್ಲಿ ಬೊಬ್ಬೆ ಎದ್ದ ಮೇಲೆ. ನಿನ್ನೆ ಬ್ರೇಕಿನ ತಂತಿ ಎಳೆದು ಮುಗಿಸಿದ್ದ. ಸೈಕಲ್ಲು ನಡುಮನೆಯಿಂದ ಅಡುಗೆಮನೆಯವರೆಗೆ ಓಡಿತು. ನಿಲ್ಲು ಎಂದಾಗ ನಿಂತಿತು. ಅವನ ಮಾತು ಕೇಳಿದ ಮೊದಲ ವಸ್ತು ಅದು.

ಅವನಿಗೊಂದು ಅಡ್ಡಹೆಸರಿತ್ತು: ಮುಕ್ಕಾಲು. ಹಿಡಿದ ಕೆಲಸವೆಲ್ಲ ಮುಕ್ಕಾಲಿಗೆ ಬಂದು ನಿಲ್ಲುತ್ತಿತ್ತು. ಮೂರು ಗೋಡೆಗೆ ಬಣ್ಣ ಬಳಿದು, ನಾಲ್ಕನೆಯದಕ್ಕೆ ಬೀರು ಅಡ್ಡ ಇಟ್ಟಿದ್ದ. ಪುಸ್ತಕದ ಕಪಾಟಿಗೆ ಮೂರು ಹಲಗೆ ಹೊಡೆದಿದ್ದ, ನಾಲ್ಕನೆಯದರ ಮೇಲೆ ಈಗ ತರಕಾರಿ ಹೆಚ್ಚುತ್ತಿದ್ದರು. ಹೆಂಡತಿಯ ಜೊತೆ ಜಗಳವನ್ನೂ ಅವನು ಪೂರ್ತಿ ಆಡಿದ್ದಿಲ್ಲ. ಮುಕ್ಕಾಲು ಮುಗಿಯುವ ಹೊತ್ತಿಗೆ ಗೊರಕೆ ಹೊಡೆಯುತ್ತಿದ್ದ. ಹೆಸರಿಟ್ಟವನು ಹೆಂಡತಿಯ ತಮ್ಮ. ಅವನು "ಮುಕ್ಕಾಲು ಭಾವ" ಎಂದು ಕರೆದದ್ದು ಒಂದೇ ವಾರದಲ್ಲಿ ಅವರಿದ್ದ ಕ್ವಾರ್ಟರ್ಸಿಗೆಲ್ಲ ಹಬ್ಬಿ, ಅವನು ದುಡಿಯುವ ಕಾರ್ಖಾನೆಗೂ ಹೋಗಿ, ಈಗ ಹಾಜರಿ ಕರೆಯುವವನೂ ಹಾಗೇ ಕರೆಯುತ್ತಿದ್ದ.

ಹೋದ ಭಾನುವಾರ ಬಾಮೈದ ಬಂದಿದ್ದ. ಅವನು ಗುಡ್ಡ ಹತ್ತುವ ಸೈಕಲ್ಲಿನವರ ಗುಂಪಿಗೆ ಮುಂದಾಳು. ತನ್ನ ಸೈಕಲ್ಲನ್ನು ನಡುಮನೆಗೇ ತಂದು, ಮಗುಚಿ ಹಾಕಿ, ಸೀಟು ಬಿಚ್ಚಿ ತೋರಿಸಿ, ಮತ್ತೆ ಜೋಡಿಸಿ ಒಂದು ಗಂಟೆ ಪಾಠ ಮಾಡಿದ್ದ.

"ನೋಡಿ ಭಾವ, ಇದು ಕಂಪನಿ ಫಿಟಿಂಗು. ನಿಮ್ಮದು ಗಾಳಿಗೆ ಬಂದ ಫಿಟಿಂಗು."

"ನನ್ನದೂ ಪೂರ್ತಿ ಆಗುತ್ತೆ ಮಾರಾಯ."

"ಆಗ್ಲಿ! ಮುಂದಿನ ಭಾನುವಾರ ನಮ್ಮ ಗುಂಪು ಗುಡ್ಡ ಹತ್ತುತ್ತೆ, ನಾಲ್ಕು ಗಂಟೆಗೆ ಬರ್ತೀನಿ. ಅದರ ಮೇಲೆ ನೀವು ಕೂತು ಗುಡ್ಡದ ತುದಿ ಮುಟ್ಟಿದ್ರೆ, ಮುಕ್ಕಾಲು ಅನ್ನೋದು ಬಿಟ್ಟೆ. ಬರೀ ಭಾವ."

"ಎಲ್ಲರ ಮುಂದೆ?"

"ಎಲ್ಲರ ಮುಂದೆ."

ಆ ಮುಂದಿನ ಭಾನುವಾರವೇ ಇದು. ಈ ಬೋಲ್ಟೂ ಇವತ್ತೇ ಬಂದಿತ್ತು.

ಬೇರೆ ಯಾರಾದರೂ ಆಗಿದ್ದರೆ ಬೋಲ್ಟನ್ನು ಡಬ್ಬಿಗೆ ಹಾಕಿ ಕಾಫಿ ಮುಗಿಸುತ್ತಿದ್ದರು. ಆದರೆ ಅವನು ಟೇಬಲ್ ಫ್ಯಾನ್ ಕಾರ್ಖಾನೆಯ ಪ್ಯಾಕಿಂಗಿನವನು. ಆ ಕಾರ್ಖಾನೆಯಲ್ಲಿ ಒಂದು ನಿಯಮವಿತ್ತು: ಸಂಜೆ ತಟ್ಟೆಯಲ್ಲಿ ಒಂದೇ ಒಂದು ಬೋಲ್ಟು ಉಳಿದರೂ ಆ ದಿನ ಮಾಡಿದ ಫ್ಯಾನುಗಳನ್ನೆಲ್ಲ ಬಿಚ್ಚಿ ನೋಡಬೇಕು. ಉಳಿದ ಬೋಲ್ಟು ಕಂಡರೆ ಆ ಕಾರ್ಖಾನೆಯವರಿಗೆ ಹಾವು ಕಂಡಂತಾಗುತ್ತಿತ್ತು. ಕ್ವಾರ್ಟರ್ಸಿನಲ್ಲಿ ಇದ್ದವರೆಲ್ಲ ಆ ಕಾರ್ಖಾನೆಯವರೇ.

'ಯಾರಿಗೂ ಕಾಣದ ಹಾಗೆ ಕಸದ ತೊಟ್ಟಿಗೆ ಎಸೆದು ಬಿಡೋಣ' ಎಂದುಕೊಂಡು ಅವನು ಬೋಲ್ಟನ್ನು ಪೈಜಾಮದ ಜೇಬಿಗೆ ಹಾಕಿಕೊಂಡು ಮೆಟ್ಟಿಲಿಳಿದ. ಅದು ಚೈನು ತಿಂದ ಪೈಜಾಮ. ತೂತಾದ ಜೇಬಿನಿಂದ ಜಾರಿದ ಬೋಲ್ಟು ಟಿಣ್, ಟಿಣ್, ಟಿಣ್ ಎಂದು ಒಂದೊಂದೇ ಮೆಟ್ಟಿಲು ಇಳಿಯಿತು. ಕೆಳಗಿನ ಮನೆಯ ಬಾಗಿಲು ತೆರೆಯಿತು. ಅಲ್ಲಿದ್ದವರು ಇಪ್ಪತ್ತನಾಲ್ಕು ವರ್ಷ ಕಾರ್ಖಾನೆಯ ಸ್ಟೋರು ನೋಡಿಕೊಂಡವರು. ಎಲ್ಲರ ಬಾಯಲ್ಲಿ ಸ್ಟೋರಣ್ಣ.

"ಐದನೇ ನಂಬರಿನ ಬೋಲ್ಟು," ಎಂದರು ಸ್ಟೋರಣ್ಣ, ನೋಡುವ ಮೊದಲೇ. "ಬೀಳೋ ಸದ್ದಿಗೇ ಗೊತ್ತಾಗುತ್ತೆ. ಎಲ್ಲಿಂದ ಬಂತು?"

"ಹೀಗೇ... ಮನೇಲಿತ್ತು ಸ್ಟೋರಣ್ಣ."

"ಸೈಕಲ್ ಮುಗೀತು ಅಂದೆ ನಿನ್ನೆ?"

"ಮುಗೀತು."

"ಮುಗಿದ ಮೇಲೆ ಇದು ಉಳೀತಾ?"

ಅವನು ಸುಳ್ಳು ಹೇಳಲು ಬಾಯಿ ತೆರೆದ. ಸುಳ್ಳೂ ಮುಕ್ಕಾಲಿಗೇ ನಿಂತಿತು. ಸ್ಟೋರಣ್ಣ ಆಗಲೇ ಮೇಲಿನ ಮಹಡಿಯ ಕಡೆ ಮುಖ ಮಾಡಿ ಕೂಗಿದ್ದರು: "ಮೇಷ್ಟ್ರೇ! ಒಂದು ಉಳಿದಿದೆ!"

ಫ್ಯಾನು ಜೋಡಿಸುವ ಸಾಲಿನ ಮೇಲ್ವಿಚಾರಕರಿಗೆ ಲೈನ್ ಮೇಷ್ಟ್ರು ಎಂದು ಹೆಸರು. ಅವರು ಅರ್ಧ ಮುಖಕ್ಕೆ ಸೋಪು ಮೆತ್ತಿಕೊಂಡೇ ಇಳಿದು ಬಂದರು. ಹಿಂದೆಯೇ, ಬೆಂಕಿ ಬಿದ್ದ ಸುದ್ದಿ ಕೇಳಿದವರಂತೆ, ತಯಾರಾದ ಫ್ಯಾನುಗಳನ್ನು ಪರೀಕ್ಷಿಸುವ ಚೆಕಿಂಗ್ ಚಿಕ್ಕಮ್ಮ ಬಂದರು. ಅವರು ಯಾವುದನ್ನೂ ಸರಿಯಿದೆ ಎಂದು ಒಂದೇ ಸಲಕ್ಕೆ ಒಪ್ಪಿದವರಲ್ಲ. ಮಗಳಿಗೆ ಬಂದ ಗಂಡನ್ನೂ ಮೂರು ಸಲ ನಡೆಸಿ ನೋಡಿದ್ದರು.

"ಗುಡ್ಡದ ಇಳಿಜಾರಲ್ಲಿ ಮುಂದಿನ ಚಕ್ರ ಒಂದ್ಕಡೆ, ನೀನು ಒಂದ್ಕಡೆ ಹೋದ್ರೆ?" ಎಂದರು ಚಿಕ್ಕಮ್ಮ.

"ಹೋಗಲ್ಲ ಚಿಕ್ಕಮ್ಮ, ಎಲ್ಲಾ ಬಿಗಿಯಾಗಿದೆ."

"ಹಾಗಾದ್ರೆ ಇದು ಯಾರ ಮನೇದು?"

ಲೈನ್ ಮೇಷ್ಟ್ರು ಸೋಪಿನ ಕಡೆಯ ಕೆನ್ನೆ ಕೆರೆದುಕೊಂಡು ತೀರ್ಪು ಕೊಟ್ಟರು: "ನಿಯಮ ಅಂದ್ರೆ ನಿಯಮ ಕಣಯ್ಯಾ. ಬಿಚ್ಚು."

ಹತ್ತು ಗಂಟೆಗೆ ಅಂಗಳದಲ್ಲಿ ಹೆಂಡತಿಯ ಹಾಸಿಗೆ ಹೊದಿಕೆ ಹರಡಿತ್ತು. ಅದರ ಮೇಲೆ ಸೈಕಲ್ಲು ನೆಲಕ್ಕೆ ಬಿದ್ದ ಜೇಡರಬಲೆಯ ಹಾಗೆ ಚೆಲ್ಲಿಕೊಂಡಿತ್ತು. ಹನ್ನೊಂದಕ್ಕೆ ಮತ್ತೆ ಜೋಡಿಸಿದರು. ಈಗ ಮೂರು ಬೋಲ್ಟು ಉಳಿದವು.

"ಮೊದಲು ಒಂದಿತ್ತು, ಈಗ ಮೂರು. ಮರಿ ಹಾಕ್ತಾ ಇದೆ," ಎಂದರು ಸ್ಟೋರಣ್ಣ.

ಮತ್ತೆ ಬಿಚ್ಚಿದರು. ಮಧ್ಯಾಹ್ನಕ್ಕೆ ಏಳು ಉಳಿದವು, ಒಂದು ಬ್ರೇಕು ಕಾಣೆಯಾಯಿತು. ಅದು ಸ್ಟೋರಣ್ಣನ ಜೇಬಿನಲ್ಲೇ ಸಿಕ್ಕಿತು. ಇಪ್ಪತ್ತನಾಲ್ಕು ವರ್ಷದ ಅಭ್ಯಾಸದಿಂದ ಅವರು ಅದನ್ನು ಎತ್ತಿ 'ಜೋಪಾನ' ಮಾಡಿದ್ದರು.

"ಹೀಗಲ್ಲ," ಎಂದರು ಲೈನ್ ಮೇಷ್ಟ್ರು. "ಒಬ್ಬನೇ ಎಲ್ಲಾ ಮಾಡಿದ್ರೆ ಹೀಗೇ ಆಗೋದು. ಸಾಲಾಗಿ ಕೂತ್ಕೊಳ್ಳಿ. ಒಬ್ಬೊಬ್ಬರಿಗೆ ಒಂದೊಂದೇ ಕೆಲಸ."

ಕ್ವಾರ್ಟರ್ಸಿನ ಹನ್ನೊಂದು ಜನ ಗೋಡೆಯುದ್ದಕ್ಕೂ ಕುಕ್ಕರಗಾಲಲ್ಲಿ ಕೂತರು. ಸೈಕಲ್ಲಿನ ಒಡೆಯನಿಗೆ ಕೊನೆಯ ಜಾಗ ಸಿಕ್ಕಿತು, ಅವನದು ಪ್ಯಾಕಿಂಗು ಎಂಬ ಕಾರಣಕ್ಕೆ. ಫ್ರೇಮು ಕೈಯಿಂದ ಕೈಗೆ ಬಂತು. ಫ್ಯಾನಿನ ರೆಕ್ಕೆ ಹಾಕುವವನು ಚಕ್ರ ಹಾಕಿದ. ಚಿಕ್ಕಮ್ಮ ಅದನ್ನು ತಿರುಗಿಸಿ, ಮುಂದೆ ಮುಖ ಒಡ್ಡಿ, "ಗಾಳಿ ಸಾಲದು," ಎಂದು ವಾಪಸ್ಸು ಕಳಿಸಿದರು.

"ಚಿಕ್ಕಮ್ಮ, ಇದು ಫ್ಯಾನಲ್ಲ!" ಎಂದ ಅವನು ಸಾಲಿನ ಕೊನೆಯಿಂದ.

"ಪ್ಯಾಕಿಂಗಿನವರು ಮಾತಾಡೋ ಹಾಗಿಲ್ಲ," ಎಂದರು ಮೇಷ್ಟ್ರು. ಅವರೇ ಎಡ ಪೆಡಲ್ಲು ಹಿಡಿದು ಬಲಕ್ಕೆ ತಿರುಗಿಸುತ್ತಿದ್ದರು. ಮುಖ ಟೊಮೆಟೊ ಆಗಿತ್ತು.

"ಮೇಷ್ಟ್ರೇ, ಅದು ಎಡಕ್ಕೆ..."

"ಮೂವತ್ತು ವರ್ಷದಿಂದ ಬಲಕ್ಕೇ ತಿರುಗಿಸ್ತಿದ್ದೀನಿ. ನಿನ್ನ ಸೈಕಲ್ಲಿಗೋಸ್ಕರ ಈಗ ಎಡಕ್ಕೆ ತಿರುಗಿಸ್ಲಾ?"

ಅರ್ಧ ಗಂಟೆ ಪೆಡಲ್ಲೂ ಮೇಷ್ಟ್ರೂ ಹಟ ಹಿಡಿದರು. ಕೊನೆಗೆ ಮೇಷ್ಟ್ರು ನೀರು ಕುಡಿಯಲು ಹೋದಾಗ ಅವನು ಓಡಿ ಬಂದು ಎಡಕ್ಕೆ ಎರಡು ಸುತ್ತು ಹಾಕಿ ಬಿಗಿ ಮಾಡಿ ತನ್ನ ಜಾಗಕ್ಕೆ ಓಡಿದ. ಮೇಷ್ಟ್ರು ಬಂದು ಮುಟ್ಟಿ ನೋಡಿದರು. "ನೋಡು. ತಾಳ್ಮೆ ಇದ್ರೆ ಬಲಕ್ಕೇ ಆಗುತ್ತೆ," ಎಂದರು.

ಮೂರೂವರೆಗೆ ಸೈಕಲ್ಲು ನಿಂತಿತು. ಹೊದಿಕೆಯ ಮೇಲೆ ಉಳಿದದ್ದು ಒಂದೇ ಬೋಲ್ಟು. ಬೆಳಗಿನದೇ. ಎಲ್ಲರೂ ಅದನ್ನು ಸುತ್ತುವರಿದು ನಿಂತರು.

ಚಿಕ್ಕಮ್ಮ ಫ್ರೇಮಿನ ಮೇಲೆ ಬೆರಳಾಡಿಸಿದರು. ನೀರಿನ ಬಾಟಲಿ ಸಿಕ್ಕಿಸುವ ಕಡೆ ಬೆರಳು ನಿಂತಿತು. ಅಲ್ಲಿ ಖಾಲಿ ತೂತು!

"ಅದು ಬಾಟಲಿ ಇಡೋದಕ್ಕೆ ಬಿಟ್ಟಿರೋದು ಚಿಕ್ಕಮ್ಮ, ಅಲ್ಲಿ ಏನೂ ಬೇಡ..."

"ತೂತಿದೆ, ಬೋಲ್ಟಿದೆ. ಇನ್ನೇನು ಬೇಕು?"

ಬೋಲ್ಟು ಉದ್ದವಾಗಿತ್ತು. ಮುಕ್ಕಾಲು ಒಳಗೆ ಹೋಗಿ ನಿಂತಿತು. ಚಿಕ್ಕಮ್ಮ ಒಪ್ಪಲಿಲ್ಲ, ಕಾರ್ಖಾನೆಯ ಅಂಟು ತಂದು ಸುತ್ತಲೂ ಸುರಿದು, ಮೇಲೆ ಪಾಸಾದ ಫ್ಯಾನಿಗೆ ಹಾಕುವ ಕೆಂಪು ಬಣ್ಣದ ಮುದ್ರೆ ಒತ್ತಿದರು. ಆ ಅಂಟು ಹಾಕಿದ್ದನ್ನು ಬಿಡಿಸಲು ಅಂಟು ಮಾಡಿದವನಿಂದಲೂ ಆಗುತ್ತಿರಲಿಲ್ಲ. "ಈಗ ಸರಿ," ಎಂದರು. ಅವರ ಬಾಯಿಂದ ಆ ಮಾತು ಬಂದದ್ದಕ್ಕೆ ಎಲ್ಲರೂ ಚಪ್ಪಾಳೆ ತಟ್ಟಿದರು.

ಅವನು ಸೈಕಲ್ಲು ಹತ್ತಿ ಅಂಗಳದಲ್ಲಿ ಒಂದು ಸುತ್ತು ಹೊಡೆದ. ಗೇರು ಬದಲಾಯಿತು. ಬ್ರೇಕು ಹಿಡಿಯಿತು. ಇನ್ನೊಂದು ಸುತ್ತು ಹೊಡೆದ. ಹೆಂಡತಿ ಮೇಲಿನ ಕಿಟಕಿಯಿಂದ ನೋಡುತ್ತಿದ್ದಳು. ಅವಳು ನಕ್ಕಳೋ, ಬಿಸಿಲಿಗೆ ಕಣ್ಣು ಕಿರಿದು ಮಾಡಿದಳೋ ಗೊತ್ತಾಗಲಿಲ್ಲ, ಆದರೂ ಅವನ ಎದೆ ಫ್ಯಾನಿನ ಹಾಗೆ ತಿರುಗಿತು.

ನಾಲ್ಕು ಹೊಡೆಯಿತು. ಬಾಮೈದ ಬರಲಿಲ್ಲ. ನಾಲ್ಕೂ ಹತ್ತಕ್ಕೆ ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡ. ನಡೆದು ಬರುತ್ತಿದ್ದ. ಒಂದು ಕೈಯಲ್ಲಿ ಸೈಕಲ್ಲು ತಳ್ಳುತ್ತಿದ್ದ. ಕಂಕುಳಲ್ಲಿ, ಸಂತೆಯಿಂದ ತಂದ ಕೋಳಿಯ ಹಾಗೆ, ಸೈಕಲ್ಲಿನ ಸೀಟು ಇತ್ತು. ಪ್ಯಾಂಟು ಹಿಂದುಗಡೆ ಹರಿದಿತ್ತು.

"ಏನೋ ಇದು?" ಎಂದಳು ಅಕ್ಕ, ಮೆಟ್ಟಿಲಿಳಿದು ಬಂದು.

"ಸೀಟಿನ ಅಡಿಗೆ ಎರಡು ಬೋಲ್ಟು ಇರುತ್ತಕ್ಕಾ. ಒಂದು ಯಾವಾಗ ಬಿತ್ತೋ ಗೊತ್ತಾಗ್ಲಿಲ್ಲ. ಇವತ್ತು ಇನ್ನೊಂದೂ ಮುರೀತು. ಗುಂಡಿಗೆ ಇಳಿಸಿದೆ ನೋಡು, ಸೀಟು ಆ ಕಡೆ, ನಾನು ಈ ಕಡೆ. ಹೋದ ಭಾನುವಾರ ಇಲ್ಲೇ ಬಿಚ್ಚಿದ್ದೆ. ನಿಮ್ಮನೇಲಿ ಏನಾದ್ರೂ ಸಿಕ್ತಾ? ಇಷ್ಟುದ್ದ ಇರುತ್ತೆ."

ಬಾಮೈದ ಬೆರಳಿನಲ್ಲಿ ಅಳತೆ ತೋರಿಸಿದ. ಅಂಗಳದಲ್ಲಿ ಹನ್ನೊಂದು ಜೊತೆ ಕಣ್ಣು ಆ ಬೆರಳಿನಿಂದ ಹೊರಟು, ಕೆಂಪು ಮುದ್ರೆಯ ಮೇಲೆ ಹೋಗಿ ನಿಂತವು.

ಮೊದಲು ನಕ್ಕವನು ಸೈಕಲ್ಲಿನ ಒಡೆಯನೇ. ಹೊಟ್ಟೆ ಹಿಡಿದುಕೊಂಡು ನಕ್ಕ. "ಕಂಪನಿ ಫಿಟಿಂಗು!" ಎಂದ. ಮೂರು ಭಾನುವಾರದ ಬೊಬ್ಬೆಗಳೆಲ್ಲ ಒಮ್ಮೆಲೇ ಮಾಯವಾದಂತಿತ್ತು. ಆದರೆ ಅವನ ನಗು ಪೂರ್ತಿಯಾಗುವ ಮೊದಲೇ ಸ್ಟೋರಣ್ಣ ಕೈಗಡಿಯಾರ ನೋಡಿದರು.

"ಅಲ್ಲಯ್ಯಾ, ಗುಡ್ಡದ ಬುಡದಲ್ಲಿ ನಿನ್ನ ಗುಂಪು ಕಾಯ್ತಾ ಇರಬೇಕಲ್ಲ?"

"ಮೂವತ್ತು ಜನ! ನಾನು ಹೋಗ್ದೆ ಇದ್ರೆ ಅವರಿಗೆ ದಾರಿ ಗೊತ್ತಾಗಲ್ಲ," ಎಂದ ಬಾಮೈದ. ಅವನ ಕಣ್ಣು ಭಾವನ ಸೈಕಲ್ಲಿನ ಮೇಲೆ ಬಿತ್ತು. ಅಕ್ಕನ ಕಣ್ಣು ತಮ್ಮನ ಹರಿದ ಪ್ಯಾಂಟಿನ ಮೇಲೆ ಬಿತ್ತು.

"ರೀ, ಕೊಟ್ಟು ಕಳಿಸಿ ಪಾಪ. ನೀವು ಬರೋ ವಾರ ಹೋದ್ರಾಯ್ತು. ಅವನ ಬೋಲ್ಟನ್ನ ನೀವೇ ಅಂಟು ಹಾಕಿ ಮುಚ್ಚಿಟ್ಟಿದ್ದೀರಲ್ಲ."

"ನಾನಲ್ಲ ಕಣೇ, ಚಿಕ್ಕಮ್ಮ..." ಎನ್ನುವಷ್ಟರಲ್ಲಿ ಮೇಷ್ಟ್ರು ಹ್ಯಾಂಡಲ್ಲು ಹಿಡಿದು ಸೈಕಲ್ಲನ್ನು ಮುಂದೆ ತಳ್ಳಿದ್ದರು. ಬಾಮೈದ ಹತ್ತಿ ಕೂತು, ಎರಡು ಬಾರಿ ತುಳಿದು, ಗೇರು ಬದಲಿಸಿ, ಹುಬ್ಬೇರಿಸಿದ.

"ಪರವಾಗಿಲ್ವೇ! ಬೆಣ್ಣೆ ಓಡಿದ ಹಾಗೆ ಓಡುತ್ತೆ."

"ಪೂರ್ತಿ ಆಗಿದೆ ಅಲ್ವಾ?" ಎಂದ ಅವನು ಪಕ್ಕದಲ್ಲೇ ಓಡುತ್ತ. "ಎಲ್ಲರ ಮುಂದೆ ಹೇಳು."

"ಸೈಕಲ್ ಪೂರ್ತಿ ಆಗಿದೆ, ಒಪ್ಪಿದೆ. ಆದ್ರೆ ತುದಿ ಮುಟ್ಟೋದು ನಾನಲ್ವಾ? ಜೋಡಿಸೋದು ಆಯ್ತು, ಓಡೋದು ಆಯ್ತು, ನಿಲ್ಲೋದೂ ಆಯ್ತು. ಹತ್ತೋದೊಂದು ಉಳೀತು. ನೀವೇ ನೋಡಿ, ಎಷ್ಟಾಯ್ತು?"

ಹಿಂದೆ ಯಾರೋ ಕಿಸಕ್ಕೆಂದರು. ತಿರುಗಿ ನೋಡಿದರೆ ಹೊದಿಕೆಯ ಮೇಲೆ ಬಾಮೈದನ ಸೈಕಲ್ಲು ಆಗಲೇ ಅಂಗಾತ ಮಲಗಿತ್ತು. ಕಾರ್ಖಾನೆಯ ನಿಯಮದಲ್ಲಿ ಇನ್ನೊಂದು ಸಾಲಿತ್ತು: ಒಂದು ಕಮ್ಮಿ ಬಿದ್ದರೂ ಎಲ್ಲವನ್ನೂ ಬಿಚ್ಚಬೇಕು. ಚಿಕ್ಕಮ್ಮ ಮುಂದಿನ ಚಕ್ರ ಎಳೆದು ತೆಗೆದಿದ್ದರು. ಸ್ಟೋರಣ್ಣ ಜೇಬು ತುಂಬಿಸಿಕೊಳ್ಳುತ್ತಿದ್ದರು. ಲೈನ್ ಮೇಷ್ಟ್ರು ಎಡ ಪೆಡಲ್ಲಿನ ಮುಂದೆ ಕೂತು ತೋಳು ಮಡಚುತ್ತಿದ್ದರು. ಹೆಂಡತಿ ಪೊರಕೆ ತಂದು, ಅಂಗಳದ ಒಂದು ಮೂಲೆಯಿಂದ ಗುಡಿಸಲು ಶುರು ಮಾಡಿದ್ದಳು.

ಬಾಮೈದ ಗೇಟು ದಾಟಿದ. ಸೈಕಲ್ಲಿನ ಒಡೆಯ ಗೇಟಿನ ಕಂಬ ಹಿಡಿದು ನಿಂತ. ಸೈಕಲ್ಲು ಒಂದಿಷ್ಟೂ ಸದ್ದಿಲ್ಲದೆ, ನೆಟ್ಟಗೆ, ಬಿಸಿಲಲ್ಲಿ ಕೆಂಪು ಮುದ್ರೆ ಮಿನುಗಿಸುತ್ತ ಬೀದಿಯ ತುದಿಗೆ ಹೋಗಿ ತಿರುಗಿತು.

"ಒಂದೇ ಒಂದು ಸಲ," ಎಂದ ಅವನು, "ಬರೀ ಭಾವ ಅಂತ ಕರಿಯೋ."