ಜಪಾನ್ ಸಾಹೇಬರ ಹೊಸ ವರ್ಷ, ನನ್ನ ಬದನೆಕಾಯಿ

ಓದಿದ್ದನ್ನು ಓದಿ ಬಿಟ್ಟುಬಿಡುವವಳಲ್ಲ ನಾನು, ಮಾಡಿ ನೋಡುತ್ತೇನೆ. ಅದಕ್ಕೇ ನಮ್ಮ ಮೆಸ್ಸಿನಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ.

ಕಲಬುರಗಿ ಕಡೆಯಿಂದ ಹೈದರಾಬಾದಿಗೆ ಕಲ್ಲು ಹೊರಲು ಬಂದವಳು. ಶೇಂಗಾ ಕಟ್ಟಿಕೊಟ್ಟ ಕಾಗದ ನೋಡಿ ನೋಡಿ ಓದು ಕಲಿತೆ. ಈಗ ನಾಚಾರಂನಲ್ಲಿ ನನ್ನದೇ ರೊಟ್ಟಿ ಮೆಸ್ಸು. ಎದುರಿನ ಕಾರ್ಖಾನೆಯ ಮಧ್ಯಾಹ್ನದ ಊಟ ನಮ್ಮಲ್ಲಿಂದಲೇ ಹೋಗಬೇಕೆಂಬುದು ನನ್ನ ಹಟ. ಒಪ್ಪಬೇಕಾದವರು ಅಲ್ಲಿನ ಜಪಾನ್ ಸಾಹೇಬರು. ಈ ಸಲ ಹೊಸ ವರ್ಷಕ್ಕೆ ಅವರು ಊರಿಗೆ ಹೋಗಿರಲಿಲ್ಲ.

"ಅವರ ಹಬ್ಬ ನಾ ಮಾಡ್ತೀನ್ರಿ" ಅಂದೆ.

ಕಾರ್ಖಾನೆಯ ಆಫೀಸರು ಬೀದರಿನವರು. ನಕ್ಕು, "ರೊಟ್ಟಿ ಬಡಿಯೋರಿಗೆ ಜಪಾನ್ ಏನ್ ಗೊತ್ತೈತ್ರಿ ಅಕ್ಕೋರೆ?" ಅಂದರು.

"ಓದೀನ್ರಿ."

ಅಬಿಡ್ಸ್ ಫುಟ್‌ಪಾತಿನಲ್ಲಿ ಕೊಂಡ, ರಟ್ಟು ಕಿತ್ತುಹೋದ ಕನ್ನಡ ಪುಸ್ತಕವೊಂದು ನನ್ನ ಹತ್ತಿರ ಇತ್ತು.

೧. ಮೂಲೆ ಮೂಲೆ

ವರ್ಷ ಮುಗಿಯುವ ಮೊದಲು ಜಪಾನಿನವರು ಮನೆಯನ್ನೆಲ್ಲ ತಿಕ್ಕಿ ತೊಳೆಯುತ್ತಾರಂತೆ. ನಾನೂ ಬೆಂಚು, ಹಂಡೆ, ಡಬ್ಬಿ ಎಲ್ಲ ರಸ್ತೆಗೆ ತಂದಿಟ್ಟೆ.

"ಉಗಾದಿಗೆ ಇನ್ನಾ ಮೂರು ತಿಂಗಳು ಐತಲ್ಲ" ಎಂದ ನನ್ನ ಗಂಡ.

"ಇದು ಅವರ ಉಗಾದಿ" ಎಂದು ಕೈಗೆ ಪೊರಕೆ ಕೊಟ್ಟೆ.

ರಸ್ತೆಯಲ್ಲಿ ಸಾಮಾನು ಕಂಡವರು ಮೆಸ್ಸು ಮುಚ್ಚಿತೆಂದು ಸುದ್ದಿ ಹಬ್ಬಿಸಿದರು. ಸಂಜೆಯೊಳಗೆ ನಾಲ್ಕು ಜನ ಗಿರಾಕಿಗಳು ಬಂದು, "ಎಲ್ಲಿಗಿ ಹೊಂಟ್ರಿ ಅಕ್ಕಾ?" ಎಂದು ಮುಖ ಸಣ್ಣದು ಮಾಡಿ, ವರ್ಷದಿಂದ ತಮ್ಮ ಮನೆಯಲ್ಲೇ ಇಟ್ಟುಕೊಂಡಿದ್ದ ನಮ್ಮ ಟಿಫಿನ್ ಡಬ್ಬಿಗಳನ್ನು ವಾಪಸು ಕೊಟ್ಟರು. ಜಪಾನಿನವರು ಯಾಕೆ ತೊಳೆಯುತ್ತಾರೆಂದು ಆಗ ತಿಳಿಯಿತು.

೨. ಉದ್ದನೆಯ ಆಯುಷ್ಯ

ಡಿಸೆಂಬರ್ ಮೂವತ್ತೊಂದಕ್ಕೆ ಅವರು ಶಾವಿಗೆಯಂಥದ್ದನ್ನು ಸಾರಿನಲ್ಲಿ ತಿನ್ನುತ್ತಾರೆ. ಎಳೆ ಉದ್ದವಿದ್ದಷ್ಟೂ ಆಯುಷ್ಯ ಉದ್ದ. ನಮ್ಮ ಕೈ ಶಾವಿಗೆಯನ್ನು ಒಂದೆಳೆಯೂ ಮುರಿಯದಂತೆ ಬೇಯಿಸಿ ಬಡಿಸಿದೆ. ತುದಿ ಸಿಗದೆ ಗಿರಾಕಿಗಳು ಕೈ ಮೇಲೆತ್ತಿದರು, ಕತ್ತು ಚಾಚಿದರು, ಕೊನೆಗೆ ಒಬ್ಬೊಬ್ಬರಾಗಿ ಬೆಂಚು ಹತ್ತಿ ನಿಂತರು.

"ಅಕ್ಕಾ, ನಡಕ ಕಡೀಲೇನು?" ಲೇತ್ ಮಶೀನಿನವನೊಬ್ಬ ಕೇಳಿದ.

"ಕಡಿದ್ರ ಆಯುಷ್ಯ ಕಡಿಮಿ ಆಗತೈತಿ."

"ಆಯುಷ್ಯ ಭಾಳ ಐತಿ ಅಕ್ಕಾ. ಊಟದ ಸೂಟಿನೇ ಅರ್ಧ ತಾಸು."

೩. ಮೊದಲ ಕನಸು

ಹೊಸ ವರ್ಷದ ಮೊದಲ ಕನಸಿನಲ್ಲಿ ಮೂರು ಕಂಡರೆ ಶುಭವೆಂದು ಪುಸ್ತಕದಲ್ಲಿತ್ತು. ಮೊದಲನೆಯದು ಫೂಜಿ ಪರ್ವತ, ಎರಡನೆಯದು ಗಿಡುಗ, ಮೂರನೆಯದು ಬದನೆಕಾಯಿ. ಪರ್ವತ ತರುವುದು ನನ್ನ ಕೈಲಿಲ್ಲ. ಬದನೆಕಾಯಿ ನನ್ನ ಕೈಗುಣ ಬಲ್ಲದು.

ಜನವರಿ ಒಂದಕ್ಕೆ ಸಾಹೇಬರು ಬಂದರು, ಜೊತೆಗೆ ಆಫೀಸರು. ಬಿಸಿ ರೊಟ್ಟಿ, ಎಣ್ಣೆಗಾಯಿ ಬಡಿಸಿದೆ.

"ಖಾರ ಕಡಿಮಿ ಮಾಡೀರೇನು?" ಆಫೀಸರು ಪಿಸುಗುಟ್ಟಿದರು.

"ಹಬ್ಬದ ದಿನ ಕಡಿಮಿ ಯಾಕ್ರಿ?"

ಸಾಹೇಬರ ಕಿವಿ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು. ಆದರೂ ಎರಡು ಬದನೆಕಾಯಿ ಮುಗಿಸಿ, ಎದ್ದು, ನನಗೆ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿ, ಅವಸರದಲ್ಲಿ ಹೊರಟುಹೋದರು.

"ಹೋತು ನಿಮ್ಮ ಕಾರ್ಖಾನಿ ಊಟದ ಆರ್ಡರು" ಅಂದರು ಆಫೀಸರು. ಗಂಡ ನನ್ನ ಮುಖ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಸಾಹೇಬರೇ ಬಂದರು, ಹಿಂದೆ ಆಫೀಸರು. ತಮ್ಮ ಮುರುಕು ಹಿಂದಿಯಲ್ಲಿ, ರಾತ್ರಿ ಕನಸು ಬಿತ್ತೆಂದರು.

"ಬದನೆಕಾಯಿ ಕಂಡಿತೇ?" ಎಂದು ಕೇಳಿದೆ.

"ಇಲ್ಲ. ಫೂಜಿ ಪರ್ವತ. ಬೆಂಕಿ ಉಗುಳುತ್ತಿತ್ತು." ಹೊಟ್ಟೆ ಸವರಿಕೊಂಡು ನಕ್ಕರು. ಊರಿನಲ್ಲಿ ಎಷ್ಟೋ ವರ್ಷ ಕಾದರೂ ಅದು ಕನಸಿನಲ್ಲಿ ಕಂಡಿರಲಿಲ್ಲವಂತೆ. ಸೋಮವಾರದಿಂದ ಕಾರ್ಖಾನೆಯ ಊಟ ಇಲ್ಲಿಂದಲೇ ಬರಲಿ, ಆದರೆ ಖಾರ ಅರ್ಧ ಇರಲಿ ಎಂದರು.

ನಾನು ಆಫೀಸರ ಕಡೆ ತಿರುಗಿದೆ. "ನೋಡ್ರಿ, ಮೂರನೇ ನಂಬರಿನ ಬದನಿಕಾಯಿ ಕೊಟ್ಟೆ, ಅವರಿಗೆ ಮೊದಲನೇ ನಂಬರೇ ಬಂತು."

ಖಾರವನ್ನು ಕಾಲು ಭಾಗ ಮಾತ್ರ ಕಡಿಮೆ ಮಾಡಿದ್ದೇನೆ. ಮುಂದಿನ ವರ್ಷ ಗಿಡುಗವೂ ಕಾಣಬೇಕಲ್ಲ.