ಕಣಕಾಲಿಗೊಂದು ಜೀನ್ಸ್ ಕವಚ

ನೋವಾದರೆ ನಾನು ಸುಮ್ಮನಿರುವ ಹೆಂಗಸಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬೆರಳಿಗೆ ಸೂಜಿ ಚುಚ್ಚಿದರೂ ಅದು ಓಣಿಯ ಆ ತುದಿಯವರೆಗೆ ಗೊತ್ತಾಗಬೇಕು. ನಾಲ್ಕು ಜನ ಬಂದು "ಅಯ್ಯೋ ಪಾಪ" ಅಂದರೆ ಅರ್ಧ ನೋವು ಅಲ್ಲೇ ಇಳಿಯುತ್ತದೆ. ಹಾಗಿರುವಾಗ ನನ್ನ ಎಡ ಕಣಕಾಲು, ಅಂದರೆ ಮೊಣಕಾಲಿನ ಕೆಳಗೆ ಮುಟ್ಟಿದರೆ ಎಲುಬೇ ಕೈಗೆ ಸಿಗುವ ಆ ಜಾಗ, ಈ ಆರು ತಿಂಗಳಲ್ಲಿ ಬಳ್ಳಾರಿಯ ಗಾಂಧಿನಗರದಲ್ಲಿ ಎಷ್ಟು ಪ್ರಸಿದ್ಧವಾಗಿದೆ ಎಂದು ನೀವೇ ಊಹಿಸಿಕೊಳ್ಳಿ. ನಾನು ಕೆಲಸ ಮಾಡುವ ವಿಮಾ ಕಚೇರಿಗೆ ಬರುವವರು ತಮ್ಮ ಪಾಲಿಸಿಗಿಂತ ಮೊದಲು ನನ್ನ ಕಾಲನ್ನು ವಿಚಾರಿಸುತ್ತಾರೆ.

ಕರಾಟೆಗೆ ಸೇರಿದ್ದು ನಾನಲ್ಲ, ನನ್ನ ಮಗಳು. ಅವಳನ್ನು ಬಿಟ್ಟು ಬರಲು ಹೋಗಿ ಬೆಂಚಿನ ಮೇಲೆ ಕೂತಿರುತ್ತಿದ್ದೆ. "ಸುಮ್ನ ಕುಂತು ಬ್ಯಾಸರ ಆಗಂಗಿಲ್ಲೇನ್ರಿ ಶಾಂತಕ್ಕಾ? ಬರ್ರಿ, ಕೈಕಾಲು ಆಡಸ್ರಿ" ಎಂದು ಮಾಸ್ಟರು ಒಂದು ದಿನ ಕರೆದರು. ಮಗಳು ಎರಡು ತಿಂಗಳಿಗೆ ಬಿಟ್ಟಳು, ನಾನು ಬಿಡಲಿಲ್ಲ. ಆಗ ನನಗೆ ನಲವತ್ತೊಂದು. ಬಿಳಿ ಬಟ್ಟೆ ತೊಟ್ಟು ಹೊರಟ ನನ್ನನ್ನು ಅತ್ತೆ ಬಾಗಿಲಲ್ಲೇ ತಡೆದರು. "ಈ ವಯಸ್ಸಿನಾಗ ಯಾರನ್ನ ಒದ್ಯಾಕ ಹೊಂಟೀಯವ್ವಾ? ಹೆಸರು ಹೇಳು, ಅವರಿಗೆ ಮೊದ್ಲ ತಿಳಿಸಿ ಬರ್ತೀನಿ." ಹಳದಿ ಬೆಲ್ಟು ಬಂತು, ಹಸಿರು ಬಂತು, ನೀಲಿ ಬಂತು. ಕಂದು ಬೆಲ್ಟಿನ ಬಾಗಿಲಲ್ಲಿ ಕುರುಗೋಡಿನ ಹುಲಿಗೆಮ್ಮ ನಿಂತಿದ್ದಳು.

ಹುಲಿಗೆಮ್ಮ ಅಂಗನವಾಡಿ ಟೀಚರು, ನನಗಿಂತ ಐದಾರು ವರ್ಷ ಚಿಕ್ಕವಳು, ತೆಳ್ಳಗೆ ಇದ್ದಾಳೆ. ಆರು ತಿಂಗಳ ಹಿಂದೆ ಬಳ್ಳಾರಿಯಲ್ಲೇ ಪರೀಕ್ಷೆ ನಡೆದಾಗ ಫೈಟಿಗೆ ನಮ್ಮಿಬ್ಬರ ಜೋಡಿ ಬಿತ್ತು. ನಾನು ಎಡಗಾಲು ಬೀಸಿದೆ. ಅದೇ ಗಳಿಗೆಗೆ ಅವಳೂ ಬೀಸಿದಳು. ಎಲುಬಿಗೆ ಎಲುಬು ಠಳ್ ಅಂತ ಬಡಿಯಿತು. ನಾನು "ಯವ್ವಾ, ಸತ್ನೆಪ್ಪೋ" ಎಂದು ಚಾಪೆಯ ಮೇಲೆ ಉರುಳಿದೆ. ನೀರು ತಂದರು, ಐಸು ತಂದರು. ಹುಲಿಗೆಮ್ಮ ಮಾತ್ರ ಮುಖ ಕದಲಿಸದೆ ನೆಟ್ಟಗೆ ನಡೆದುಕೊಂಡು ಹೊರಗೆ ಹೋದಳು. ಫೈಟು ಅರ್ಧಕ್ಕೇ ನಿಂತಿದ್ದರಿಂದ ಇಬ್ಬರಿಗೂ ಬೆಲ್ಟಿಲ್ಲ, ಮುಂದಿನ ಸಲ ಸಿರುಗುಪ್ಪಕ್ಕೆ ಬನ್ನಿ ಅಂದರು. ಎಲುಬು ಮುರಿದಿರಲಿಲ್ಲ, ಒಳಪೆಟ್ಟಾಗಿ ಬದನೆಕಾಯಿಯಂತೆ ಊದಿತ್ತು. ಆದರೂ ನಾನು ಎಲ್ಲರಿಗೂ ಹೇಳಿದ್ದು "ಕುರುಗೋಡಿನಾಕಿ ನನ್ನ ಕಾಲು ಮುರುದ್ಲು" ಎಂದೇ. ಹೇಳುತ್ತ ಹೇಳುತ್ತ ಮೂರನೇ ವಾರಕ್ಕೆ ಹುಲಿಗೆಮ್ಮ ಆರಡಿ ಎತ್ತರವಾಗಿದ್ದಳು. ಕೊನೆಗೆ ನನ್ನ ಮಾತು ನಾನೇ ನಂಬಿ, ಅವಳ ಹೆಸರು ಕೇಳಿದರೆ ಹೆದರುವಂತಾದೆ.

ಊತ ಇಳಿದರೂ ಕಾಲು ನನ್ನ ಮಾತು ಕೇಳಲಿಲ್ಲ. ಎದುರಿಗೆ ಯಾರು ನಿಂತರೂ ಎಡಗಾಲು ತಾನಾಗಿ ಹಿಂದೆ ಸರಿದು ಬಲಗಾಲಿನ ಮರೆಗೆ ಹೋಗುತ್ತಿತ್ತು. "ಎಡಗಾಲು ಮನ್ಯಾಗ ಬಿಟ್ಟು ಬಂದೀರೇನ್ರಿ?" ಎಂದರು ಮಾಸ್ಟರು. "ಸಿರುಗುಪ್ಪದಾಗ ಎರಡೂ ಕಾಲು ಎತ್ತಲಿಲ್ಲಾಂದ್ರ ಬೆಲ್ಟ್ ಕೊಡಂಗಿಲ್ಲ." ಡಾಕ್ಟರು ಇನ್ನೊಂದು ಕಡೆಯಿಂದ, "ಅದ ಜಾಗಕ್ಕ ಮತ್ತ ಏಟು ಬಿದ್ರ ಕರಾಟೆ ಮರ್ತುಬಿಡ್ರಿ" ಅಂದರು. ಎತ್ತದಿದ್ದರೆ ಬೆಲ್ಟಿಲ್ಲ, ಎತ್ತಿ ಏಟು ತಿಂದರೆ ಕರಾಟೆಯೇ ಇಲ್ಲ. ಬೇರೆಯವರಾಗಿದ್ದರೆ ಬಿಡುತ್ತಿದ್ದರೇನೋ. ನನಗೆ ಹಟ ಬಂತು. ಕಾಲನ್ನೂ ಎತ್ತುತ್ತೇನೆ, ಎಲುಬನ್ನೂ ಉಳಿಸಿಕೊಳ್ಳುತ್ತೇನೆ, ಕಂದು ಬೆಲ್ಟು ಕಟ್ಟಿಕೊಂಡೇ ಅತ್ತೆಯ ಮುಂದೆ ನಿಲ್ಲುತ್ತೇನೆ ಅಂದುಕೊಂಡೆ.

ಅಂಗಡಿಯಿಂದ ಕಣಕಾಲಿಗೆ ಕಟ್ಟುವ ಶಿನ್ ಗಾರ್ಡ್ ತಂದೆ. ಎರಡು ಸಲ ಕಾಲು ಬೀಸುವಷ್ಟರಲ್ಲಿ ಅದು ಸುತ್ತು ಹಾಕಿ ಹಿಂದಿನ ಮೀನಖಂಡಕ್ಕೆ ಹೋಗಿ ಕೂತಿತು. ಮೀನಖಂಡಕ್ಕೆ ಏನೂ ಆಗಿರಲಿಲ್ಲ, ಅದನ್ನು ಕಾಪಾಡುವ ಅಗತ್ಯವೂ ಇರಲಿಲ್ಲ. ನಮ್ಮ ಮನೆಯವರು ಜೀನ್ಸ್ ಯೂನಿಟ್ಟೊಂದರಲ್ಲಿ ಕಟಿಂಗ್ ಮಾಸ್ಟರು. ಗಾರ್ಡನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದಕ್ಕ ಹೊಲಿಗಿ ಅಂತಾರೇನು? ಕಾಲು ಚಾಚು" ಅಂದರು. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವರು ಟೇಪು ಹಿಡಿದು ನನ್ನ ಕಾಲ ಬಳಿ ಕೂತಿದ್ದು ಅದೇ ಮೊದಲು, ಅದಕ್ಕೇ ನಾನು ಎರಡು ಸಲ ಅಳೆಸಿಕೊಂಡೆ. ನೋವಿರುವ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುಂಡಗೆ ಗೆರೆ ಎಳೆದರು. ಗೆರೆಯ ಸುತ್ತ ಸ್ಪಂಜು ದಪ್ಪ, ಗೆರೆಯ ಒಳಗೆ ಟೊಳ್ಳು. ಏಟು ಬಿದ್ದರೆ ಸುತ್ತಲಿನದು ತಡೆಯಬೇಕು, ಗಾಯಕ್ಕೆ ತಾಕಬಾರದು. ಅದರ ಮೇಲೆ ನಾನು ಎರಡೇ ದಿನ ಬಳಸಿದ ಯೋಗದ ಮ್ಯಾಟಿನ ತುಂಡು, ಅದರ ಮೇಲೆ ದಪ್ಪ ಜೀನ್ಸ್ ಬಟ್ಟೆ, ಜೋಡಿ ಹೊಲಿಗೆ. ಮುಂಭಾಗದಲ್ಲಿ ಒಂದು ಪುಟ್ಟ ಕಿಸೆ.

"ಕಿಸೆ ಯಾಕ್ರೀ?"

"ಕೈ ರೂಢಿ. ಬಸ್ ಟಿಕೆಟ್ ಇಟ್ಕೋ."

ಸಿರುಗುಪ್ಪದಲ್ಲಿ ಅಕ್ಕಿ ಗಿರಣಿಯ ಪಕ್ಕದ ಕಲ್ಯಾಣ ಮಂಟಪದಲ್ಲಿ ಪರೀಕ್ಷೆ. ಒಳಗೆಲ್ಲ ತೌಡಿನ ವಾಸನೆ. ನಾನು ಕವಚ ಕಟ್ಟಿ ನಿಂತೆ. ರೆಫರಿ ಬಗ್ಗಿ ನೋಡಿ ಹೌಹಾರಿದರು. "ಇದೇನ್ರಿಯಮ್ಮಾ, ಹಿತ್ತಾಳಿ?" ಕಿಸೆಯ ಎರಡು ಮೂಲೆಗೂ ನಮ್ಮ ಮನೆಯವರು ಜೀನ್ಸ್ ಪ್ಯಾಂಟಿಗೆ ಹೊಡೆಯುವಂತೆ ಹಿತ್ತಾಳೆಯ ರಿವಿಟ್ಟು ಹೊಡೆದಿದ್ದರು. ಕೈ ರೂಢಿ! ಲೋಹ ಇದ್ದರೆ ಫೈಟಿಗೆ ಬಿಡುವುದಿಲ್ಲ, ತೆಗೆಯಿರಿ ಅಂದರು. ಕವಚ ತೆಗೆದರೆ ನನ್ನ ಕಥೆ ಮುಗಿಯಿತು. "ರೀ!" ಎಂದು ನಾನು ಕೂಗಿದ್ದಕ್ಕೆ ಇಡೀ ಮಂಟಪ ತಿರುಗಿತು. ಪಾಪ, ಜೊತೆಗೆ ಬಂದಿದ್ದ ನಮ್ಮ ಮನೆಯವರು ಓಡಿದರು. ಗಿರಣಿಯಿಂದ ಇಕ್ಕಳ ತಂದು, ಎಲ್ಲರ ಮುಂದೆ ನನ್ನ ಕಾಲ ಬಳಿ ಕೂತು ರಿವಿಟ್ಟು ಕಿತ್ತರು. "ಫಿನಿಶಿಂಗ್ ಹಾಳಾತು" ಎಂದು ಅವರು ಗೊಣಗಿದ್ದು ನನಗೆ ಮಾತ್ರ ಕೇಳಿಸಿತು.

ಎದುರಿಗೆ ಮತ್ತೆ ಹುಲಿಗೆಮ್ಮ. ಮೊದಲ ಒಂದು ನಿಮಿಷ ನಾನೂ ಒದೆಯಲಿಲ್ಲ, ಅವಳೂ ಒದೆಯಲಿಲ್ಲ. ಅಷ್ಟು ದೂರದಿಂದಲೇ ಒಬ್ಬರನ್ನೊಬ್ಬರು ಸುತ್ತಿದೆವು. "ಏನ್ರಿ, ಹೆಣ್ಣು ನೋಡಾಕ ಬಂದೀರೇನು? ಹೊಡೀರಿ!" ಎಂದು ರೆಫರಿ ರೇಗಿದರು. ಅವಳು ಕಾಲು ಬೀಸಿದಳು. ಬರುತ್ತಿರುವುದು ಕಂಡಿತು. ಹಿಂದೆ ಸರಿಯಲು ಹೊರಟ ಎಡಗಾಲಿಗೆ ಮನಸ್ಸಿನಲ್ಲೇ ಬೈದು, ಹಲ್ಲು ಕಚ್ಚಿ ಮೇಲೆತ್ತಿ ತಡೆದೆ. ಧಪ್ ಅಂತ ಸದ್ದಾಯಿತು. ಕಣ್ಣು ಮುಚ್ಚಿಕೊಂಡು ನೋವಿಗೆ ಕಾದೆ. ನೋವು ಬರಲಿಲ್ಲ. "ರೀ! ನೋವಾಗ್ಲಿಲ್ರೀ!" ಎಂದು ಗಂಡನ ಕಡೆ ತಿರುಗಿ ಕವಚ ತೋರಿಸಿದೆ. ಆಗಲೇ ಹುಲಿಗೆಮ್ಮನ ಮುಷ್ಟಿ ನನ್ನ ಎದೆಗೆ ಬಿತ್ತು. ಪಾಯಿಂಟು ಅವಳಿಗೆ. ಹೋಗಲಿ ಬಿಡಿ. ಆಮೇಲೆ ಎಡಗಾಲಲ್ಲಿ ನಾಲ್ಕು ಸಲ ಒದ್ದೆ, ಎಣಿಸಿಕೊಂಡೇ ಒದ್ದೆ.

ಇಬ್ಬರಿಗೂ ಬೆಲ್ಟು ಬಂತು. ಸಂತೋಷಕ್ಕೆ ನನ್ನ ಕಾಲಿನ ಕಥೆಯನ್ನು ಹುಲಿಗೆಮ್ಮನಿಗೇ ಶುರುಮಾಡಿದೆ: ಊತ, ಡಾಕ್ಟರು, ನಿದ್ದೆಯಿಲ್ಲದ್ದು. ಅವಳು ಪೂರ್ತಿ ಕೇಳಿಸಿಕೊಂಡು ಪ್ಯಾಂಟಿನ ಅಂಚನ್ನು ಮೆಲ್ಲಗೆ ಮೇಲೆತ್ತಿದಳು. ಕಣಕಾಲಿನ ಮೇಲೆ ನನ್ನದರಂಥದೇ ಗಂಟು, ನನ್ನದಕ್ಕಿಂತ ದೊಡ್ಡದು.

"ಅವತ್ತಿನದ ಅಕ್ಕಾ. ನಿಮ್ಮ ಮುಂದ ನೆಟ್ಟಗ ನಡದು ಹ್ವಾದೆ. ಹೊರಗ ಆಟೋದಾಗ ಕುಂತು ಅತ್ತುಬಿಟ್ಟೆ. ಇವತ್ತೂ ನಿಮ್ಮನ್ನ ನೋಡಿ ಹೆದರಿಕಿ ಆಗಿತ್ತು ನೋಡ್ರಿ."

ಅವತ್ತು ಬಡಿದದ್ದು ಎರಡು ಎಲುಬು. ನನ್ನ ಎಲುಬಿನ ಕಥೆಯನ್ನು ಆರು ತಿಂಗಳು ಊರಿಗೆಲ್ಲ ಹೇಳಿದ್ದೆ. ಇನ್ನೊಂದು ಎಲುಬಿಗೆ ಏನಾಯಿತು ಎಂದು ಒಂದು ಸಲವೂ ಕೇಳಿರಲಿಲ್ಲ. ನಾಚಿಕೆಯಾಯಿತು. ಅಷ್ಟರಲ್ಲಿ ನಮ್ಮ ಮನೆಯವರು ಟೇಪು ತೆಗೆದು, "ಕಾಲು ಚಾಚವ್ವಾ ತಂಗಿ. ಕಿಸೆ ಬೇಕೇನು?" ಎಂದು ಕೇಳುತ್ತಿದ್ದರು. ಬೇಕು ಅಂದಳು.

ಅವಳ ಕವಚಕ್ಕೆ ಮನೆಯಲ್ಲಿ ಸ್ಪಂಜು ತುಂಬಿದವಳು ನಾನೇ. ಮುಂದಿನ ಪರೀಕ್ಷೆಯಲ್ಲೂ ಅವಳೇ ಎದುರಿಗೆ ಬರಬಹುದು, ಒಂದು ಪದರ ಕಡಿಮೆ ಹಾಕಿದರೆ ಹೇಗೆ ಎಂದು ಮನಸ್ಸಿನಲ್ಲಿ ಬಂದಿದ್ದು ಸುಳ್ಳಲ್ಲ. ಎರಡು ಪದರ ಹೆಚ್ಚೇ ಹಾಕಿದೆ. ಹಾಕುವಾಗ ಬೆರಳಿಗೆ ಸೂಜಿ ಚುಚ್ಚಿತು. ಯಾರಿಗೂ ಹೇಳಿಲ್ಲ, ನಿಮ್ಮನ್ನು ಬಿಟ್ಟರೆ ಅತ್ತೆಗೆ, ಮಗಳಿಗೆ, ಮತ್ತೆ ಪಕ್ಕದ ಮನೆಯವರಿಗೆ ಅಷ್ಟೇ.